ಸಾರಾಯಿ ಕುಡಿದ ಹೂವು

ಶಂಶಾಬಾದ್

ಗಂಡಂದಿರು ಹೆಂಡತಿಯನ್ನು ಕರೆದುಕೊಂಡು ವಿದೇಶಕ್ಕೆ ಹೋಗುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಕೆಸುವಿನ ಜಾತಿಯ ಗಿಡವೊಂದನ್ನು ಹುಡುಕಿಕೊಂಡು ಹೋದವನು ಇಡೀ ಕೂಕಟ್‌ಪಲ್ಲಿಯಲ್ಲಿ ನಾನೊಬ್ಬನೇ ಇರಬೇಕು.

ನನ್ನ ಹೆಂಡತಿ ಸುವರ್ಣಾ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ನಾನು ಪಂಪ್‌ಸೆಟ್ಟಿನ ಬಿಡಿಭಾಗ ಮಾರುತ್ತೇನೆ. ಅವಳು ಗಿಡಗಳ ಹೆಸರನ್ನು ಲ್ಯಾಟಿನ್ನಿನಲ್ಲಿ ಹೇಳುತ್ತಾಳೆ, ನಾನು ವಾಷರುಗಳ ಅಳತೆಯನ್ನು ಇಂಚಿನಲ್ಲಿ ಹೇಳುತ್ತೇನೆ. ಮುದ್ದೇಬಿಹಾಳದಿಂದ ಹೈದರಾಬಾದಿಗೆ ಬಂದು ಇಷ್ಟು ವರ್ಷವಾದರೂ ಒಬ್ಬರ ವಿದ್ಯೆ ಇನ್ನೊಬ್ಬರು ಕಲಿಯುವ ಗೋಜಿಗೆ ಹೋಗದೆ ಸುಖವಾಗಿದ್ದೆವು. ಆ ಸುಖವನ್ನು ಕೆಡಿಸಿದ್ದು ಒಂದು ಕುಂಡ.

ಮನೆಯ ಹತ್ತಿರದ ನರ್ಸರಿಯಿಂದ ಅವಳು ತಂದ ಆ ಗಿಡ ನೋಡಲು ನಮ್ಮ ಕೆಸುವಿನ ತಂಗಿಯಂತಿತ್ತು. ಎಲೆಯ ನಡುವೆ ಬೂದು ಬಣ್ಣದ ಪಟ್ಟೆ, ಅಷ್ಟೇ ವ್ಯತ್ಯಾಸ. "ಇಂಪೋರ್ಟೆಡ್ ಮೇಡಂ, ಪುವ್ವು ರಾದು" ಎಂದಿದ್ದ ನರ್ಸರಿಯವನು. ಹೂ ಬರುವುದಿಲ್ಲ ಎಂಬುದು ಅವನ ಗ್ಯಾರಂಟಿ. ಮುಂದಿನ ಮಳೆಗಾಲದಲ್ಲಿ ಅದು ಹೂ ಬಿಟ್ಟಿತು. ಹೂವೆಂದರೆ ಮಲ್ಲಿಗೆ, ಸಂಪಿಗೆಯ ಹಾಗೆ ಮುಡಿಯುವಂಥದ್ದಲ್ಲ. ಕೆಸು, ಸುವರ್ಣಗಡ್ಡೆಗಳ ಈ ಕುಟುಂಬದಲ್ಲಿ ಹೂವೆಂದರೆ ಸುರುಳಿ ಸುತ್ತಿದ ಒಂದು ಹಾಳೆ, ಅದರೊಳಗೆ ಒಂದು ಕಡ್ಡಿ. ಆ ಕಡ್ಡಿಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹೂಗಳು. ಸುವರ್ಣಾ ಲೆನ್ಸ್ ಹಿಡಿದು ಬಾಲ್ಕನಿಯಲ್ಲಿ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದು ಎದ್ದು ಬಂದು, "ಇದು ಯಾವ ಪುಸ್ತಕದಾಗೂ ಇಲ್ರಿ" ಎಂದಳು. ಇದ್ದ ಒಂದೇ ಹೂವನ್ನು ಕೊಯ್ಯಲು ಮನಸ್ಸಾಗದೆ ಫೋಟೋ ಮಾತ್ರ ತೆಗೆದಳು. ಮರುದಿನ ಅದು ಕಪ್ಪಾಗಿ ಉದುರಿತು.

ಆ ಫೋಟೋಗಳನ್ನು ಒಂದು ವಿಚಾರ ಸಂಕಿರಣದಲ್ಲಿ ತೋರಿಸಿದಾಗ ಯಾರೋ ಪ್ರೊಫೆಸರರು, "ಬಾಲ್ಕನಿ ಸಸ್ಯಶಾಸ್ತ್ರ" ಎಂದು ನಕ್ಕರಂತೆ. ಕುಂಡದ ಗಿಡಕ್ಕೆ ಊರಿಲ್ಲ, ಕೇರಿಯಿಲ್ಲ. ಅದು ಯಾವ ಕಾಡಿನದು ಎಂದು ಗೊತ್ತಾಗಬೇಕು, ಒಂದು ಹೂವನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಕಾಯ್ದಿಡಬೇಕು, ಅದರ ಅಂಗಾಂಗಗಳನ್ನು ಅಳೆದು ಬರೆಯಬೇಕು. ಆಗ ಮಾತ್ರ ಅದು ಹೊಸ ಪ್ರಭೇದ. ಸುವರ್ಣಾ ಇನ್ನು ಸ್ವಲ್ಪ ದಿನಕ್ಕೆ ರಿಟೈರ್ ಆಗುವವಳು. ಒಂದು ರಾತ್ರಿ ಊಟಕ್ಕೆ ಕೂತಾಗ, "ಮಂದಿ ಇಟ್ಟ ಹೆಸರು ಹೇಳಿಕೋತ ಇಷ್ಟು ವರ್ಷ ಕಳದ್ನಿ. ನಾನೂ ಒಂದು ಹೆಸರು ಇಡಬೇಕಂತ ಆಸೆ ಐತಿ" ಎಂದಳು. ಸೀರೆ ಬೇಕು, ಬಳೆ ಬೇಕು ಎಂದು ಕೇಳದ ಹೆಂಗಸು.

ಅಷ್ಟರಲ್ಲಿ ಮಲೇಷ್ಯಾದ ಕುಚಿಂಗ್ ಎಂಬ ಊರಿನಿಂದ ಜೂಲಿಯಾ ಎಂಬ ಸಂಶೋಧಕಿ, ಸುವರ್ಣಾ ಕಳಿಸಿದ ಫೋಟೋ ನೋಡಿ ಉತ್ತರ ಬರೆದಳು. ಬೋರ್ನಿಯೊ ದ್ವೀಪದಲ್ಲಿ ತನ್ನ ಚಿಕ್ಕಮ್ಮನ ಊರಿನ ಝರಿಯೊಂದರ ಬಳಿ ಇದೇ ಪಟ್ಟೆಯ ಎಲೆ ಕಂಡಿದ್ದೇನೆ, ಹೂ ಕಂಡಿಲ್ಲ, ಮಳೆಯ ದಿನಗಳಲ್ಲಿ ಬನ್ನಿ, ಪರವಾನಗಿ ನಾನು ಮಾಡಿಸುತ್ತೇನೆ ಎಂದು.

ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ಹೊಸ ಗಿಡಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಆ ಶಾಸ್ತ್ರದಲ್ಲಿ ಮರ್ಯಾದೆಯಲ್ಲವಂತೆ. ಬೇರೆಯವರ ಹೆಸರು ಇಡಬಹುದು. ಬೇರೆಯವರೆಂದರೆ ಯಾರು? ಅಂಗಡಿ ಮುಚ್ಚಿ ಜೊತೆಗೆ ಹೊರಟವರು ಯಾರು? ಸಂಗಪ್ಪ ಎಂಬ ನನ್ನ ಹೆಸರಿಗೆ ಒಂದು ಲ್ಯಾಟಿನ್ ಬಾಲ ಹಚ್ಚಿ ಬಚ್ಚಲಲ್ಲಿ ಗಟ್ಟಿಯಾಗಿ ಹೇಳಿ ನೋಡಿದ್ದೆ. ಚೆನ್ನಾಗಿಯೇ ಕೇಳಿಸಿತ್ತು.

ಮನೆ ನೋಡಿಕೊಳ್ಳಲು ನನ್ನ ಅಕ್ಕ ಗುರುಬಾಯಿ ಮುದ್ದೇಬಿಹಾಳದಿಂದ ಬಂದಳು. ಸುವರ್ಣಾ ಆಕೆಗೆ ಕುಂಡ ತೋರಿಸಿ, "ಇದಕ್ಕ ದಿನಾ ನೀರು ಹಾಕ್ರಿ ಅಕ್ಕಾರ, ಇದು ಭಾಳ ದೊಡ್ಡ ಗಿಡ ಐತಿ" ಎಂದು ಹೇಳಿದಳು. ಮೊಣಕಾಲುದ್ದದ ಗಿಡವನ್ನು ಅಕ್ಕ ಅನುಮಾನದಿಂದ ನೋಡಿದಳು.

ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ತಪಾಸಣೆಗೆ ಸಿಕ್ಕಿತು. ಒಳಗಿದ್ದದ್ದು ಗಿಡ ಒತ್ತಿ ಒಣಗಿಸುವ ಎರಡು ಹಲಗೆ, ಬೆಲ್ಟು, ನಡುವೆ ಇಡಲು ಒಂದು ಹೊರೆ ಹಳೆಯ ಉರ್ದು ಪತ್ರಿಕೆ, ಮತ್ತು ಅಕ್ಕ ಬಡಿದುಕೊಟ್ಟ ಖಡಕ್ ರೊಟ್ಟಿ. "ಏ ಕ್ಯಾ ಹೈ ಅಂಕಲ್?" ಎಂದು ತಪಾಸಣೆಯ ಹುಡುಗಿ ಹಲಗೆಗಳನ್ನು ತೋರಿಸಿದಳು. ಸುವರ್ಣಾ ಸಸ್ಯಶಾಸ್ತ್ರ ಶುರುಮಾಡುವುದರೊಳಗೆ ಆಕೆ ರೊಟ್ಟಿಯನ್ನೂ ಹಲಗೆಯನ್ನೂ ಒಮ್ಮೆ ನೋಡಿ, ರೊಟ್ಟಿ ಒತ್ತುವ ಯಂತ್ರವೆಂದು ತಾನೇ ತೀರ್ಮಾನಿಸಿ ಬಿಟ್ಟುಕೊಟ್ಟಳು.

ಕುಚಿಂಗ್

ಕುಚಿಂಗ್ ಬೆಕ್ಕುಗಳ ಊರು. ನಮ್ಮಲ್ಲಿ ಸರ್ಕಲ್ಲುಗಳಲ್ಲಿ ನಾಯಕರು ಕೈಯೆತ್ತಿ ನಿಂತಿರುವಂತೆ ಅಲ್ಲಿ ಸಿಮೆಂಟಿನ ಬೆಕ್ಕುಗಳು ಕೂತಿವೆ. ಅವಕ್ಕೆ ಹಾರ ಹಾಕುವ ಗಲಾಟೆಯಿಲ್ಲ, ಪಕ್ಷವೂ ಇಲ್ಲ.

ರಸ್ತೆ ದಾಟುವಾಗ ನಾನು ಕೂಕಟ್‌ಪಲ್ಲಿಯ ಅಭ್ಯಾಸದಂತೆ ಕೈ ಮುಂದೆ ಚಾಚಿ, ಬರುವ ಕಾರುಗಳನ್ನು ದುರುಗುಟ್ಟಿ ನೋಡುತ್ತ ನಡೆದೆ. ಕಾರುಗಳು ಮೊದಲೇ ನಿಂತಿದ್ದವು. ಡ್ರೈವರೊಬ್ಬ ನಾನು ನಮಸ್ಕಾರ ಮಾಡಿದೆನೆಂದು ತಿಳಿದು ತಾನೂ ಕೈಬೀಸಿ ನಕ್ಕ. ಇಂಥ ಜನರ ಮಧ್ಯೆ ಸಿಟ್ಟು ಮಾಡಿಕೊಳ್ಳಲು ಜಾಗವೇ ಸಿಗುವುದಿಲ್ಲ. ಊಟದ್ದೊಂದೇ ಕಷ್ಟ. ಸಸ್ಯಾಹಾರ ಎಂದರೆ ಅವರು ಒಪ್ಪುತ್ತಾರೆ, ಆದರೆ ಸಣ್ಣ ಸಿಗಡಿಯನ್ನು ಪ್ರಾಣಿಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾವು ಹೋಟೆಲ್ ಕೋಣೆಯಲ್ಲಿ ಕೂತು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಾಗ ಅಕ್ಕನ ಫೋನು ಬಂತು.

"ಊಟ ಆತೇನೋ ತಮ್ಮಾ?" ಎಂದು ಶುರುಮಾಡಿ ಅಕ್ಕ ತನ್ನ ಊಟದ ವರದಿ ಕೊಟ್ಟಳು. "ಇವತ್ತ ಭಾಳ ಚಲೋ ಊಟ ಆತು ನೋಡು. ಆ ಕುಂಡದಾಗಿನ ಕೆಸುವಿನ ಎಲಿ ಬಲಿಯಾಕತ್ತಿದ್ದು. ಸುಮ್ಮ ಹಾಳಾಗ್ತಾವಂತ ಕಡ್ಲಿಹಿಟ್ಟು ಹಚ್ಚಿ, ಸುತ್ತಿ, ಕುದಿಸಿ, ವಡಿ ಮಾಡೀನಿ."

ಫೋನು ಸ್ಪೀಕರಿನಲ್ಲಿತ್ತು. ಸುವರ್ಣಾಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ನಾನು ತಡವರಿಸುತ್ತ, "ಬೇರು ಐತಲ್ಲ ಅಕ್ಕಾ? ಮತ್ತ ಚಿಗೀತೈತಿ" ಎಂದೆ.

"ಕೆಳಗ ಗಡ್ಡಿ ಇರ್ತಾವಂತ ಅದನ್ನೂ ಕಿತ್ತು ನೋಡಿದೆ. ಒಂದೂ ಇದ್ದಿಲ್ಲ. ಎಂಥಾ ದೊಡ್ಡ ಗಿಡನೋ ನಿನ್ನ ಹೆಂಡತೀದು."

ನಾನು ಸುವರ್ಣಾಳ ಮುಖ ನೋಡಲು ಹೆದರಿದೆ. ಅಳುತ್ತಾಳೆ, ಇಲ್ಲವೇ ನಮ್ಮ ಮನೆತನದ ಮೇಲೆ ಹರಿಹಾಯುತ್ತಾಳೆ ಎಂದುಕೊಂಡೆ. ಅವಳು ಫೋನಿನ ಕಡೆ ಬಾಗಿ, "ಬಾಯಿ ತುರಿಸ್ತೇನ್ರಿ ಅಕ್ಕಾರ?" ಎಂದು ಕೇಳಿದಳು.

"ಇಲ್ಲವ್ವ. ಹುಣಸಿಹಣ್ಣು ಹಾಕಿದ್ದೆ. ಒಂಚೂರು ಸುದ್ದಾ ತುರಿಸಲಿಲ್ಲ."

"ಚಲೋ ಆತ್ರಿ" ಎಂದು ಸುವರ್ಣಾ ಫೋನಿಟ್ಟಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಕೆಳಗಿನ ಬೆಕ್ಕನ್ನು ನೋಡುತ್ತ ನಿಂತಳು. ಕುಂಡದಲ್ಲಿ ಇನ್ನೊಂದು ಹೂ ಬರುತ್ತದೆ ಎಂಬ ಭರವಸೆ ವಡೆಯಾಗಿ ಅಕ್ಕನ ಹೊಟ್ಟೆ ಸೇರಿತ್ತು. ಈಗ ಕಾಡಿನಲ್ಲಿ ಹೂ ಸಿಗಲೇಬೇಕು, ಸಿಗದಿದ್ದರೆ ಮತ್ತೆ ಬಾಲ್ಕನಿ ಸಸ್ಯಶಾಸ್ತ್ರವೇ ಗತಿ. ನನಗೆ ಅಕ್ಕನ ಮೇಲೆ ಸಿಟ್ಟು ಬಂತು, ಆ ವಡೆ ಹೇಗಿದ್ದಿರಬಹುದು ಎಂಬ ಯೋಚನೆಯೂ ಬಂತು. ಎರಡನೆಯದನ್ನು ಬಾಯಿಬಿಟ್ಟು ಹೇಳಲಿಲ್ಲ.

ಉದ್ದಮನೆ

ಜೂಲಿಯಾ ನಮ್ಮನ್ನು ತನ್ನ ಗಾಡಿಯಲ್ಲಿ ಚಿಕ್ಕಮ್ಮನ ಊರಿಗೆ ಕರೆದೊಯ್ದಳು. ದುಂಡುಮುಖದ, ಗಟ್ಟಿ ಕಾಲಿನ, ಮಾತಿಗೊಮ್ಮೆ ನಗುವ ಹೆಣ್ಣುಮಗಳು. ಊರೆಂದರೆ ಒಂದೇ ಮನೆ. ಕಂಬಗಳ ಮೇಲೆ ರೈಲಿನಂತೆ ಉದ್ದಕ್ಕೆ ನಿಂತ ಮನೆ, ಸಾಲಾಗಿ ಬಾಗಿಲುಗಳು, ಒಂದೊಂದು ಬಾಗಿಲಿಗೆ ಒಂದೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಉದ್ದ ಜಗಲಿ. ಅಲ್ಲಿ ಭತ್ತ ಒಣಗುತ್ತದೆ, ಚಾಪೆ ಹೆಣೆಯುತ್ತಾರೆ, ಮಕ್ಕಳು ಸೈಕಲ್ ಹೊಡೆಯುತ್ತವೆ, ಮುದುಕರು ಮಲಗುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಒಂದೊಂದು ಮಹಡಿಗೆ ಇಂಥದೇ ಉದ್ದ ಕಾರಿಡಾರಿದೆ. ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟದ್ದಕ್ಕೆ ಎರಡು ಮನೆಯವರು ಮಾತು ಬಿಟ್ಟಿದ್ದಾರೆ.

ಜೂಲಿಯಾಳ ಚಿಕ್ಕಮ್ಮನನ್ನು ಎಲ್ಲರೂ ಇಂದಾಯ್ ಲಿನಾ ಎಂದು ಕರೆಯುತ್ತಿದ್ದರು. ಲಿನಾಳ ತಾಯಿ ಎಂದರ್ಥ. ನಮ್ಮೂರಿನಲ್ಲೂ ನನ್ನ ತಾಯಿಯ ಸ್ವಂತ ಹೆಸರು ಯಾರಿಗೂ ನೆನಪಿರಲಿಲ್ಲ, ಆಕೆ ಸಂಗಪ್ಪನ ಅವ್ವ. ಹಾಗಾಗಿ ಈ ಇಂದಾಯ್ ಮೇಲೆ ನನಗೆ ಮೊದಲ ನೋಟಕ್ಕೇ ವಿಶ್ವಾಸ ಬಂತು. ಸಂಜೆ ಎಲ್ಲರೂ ಜಗಲಿಯಲ್ಲಿ ಸುತ್ತ ಕೂತು ಅಕ್ಕಿಯಿಂದ ಮಾಡಿದ ಏನನ್ನೋ ಕುಡಿದರಂತೆ. ನಾನು ಆ ಹೊತ್ತಿಗೆ ಸ್ನಾನಕ್ಕೆ ಹೋಗಿದ್ದೆ. ಲಿಂಗದೀಕ್ಷೆಯಾದ ಮೇಲೆ ಚಹಾ, ಮಜ್ಜಿಗೆ ಬಿಟ್ಟು ಬೇರೆ ಏನನ್ನೂ ಕುಡಿಯದ ನನ್ನನ್ನು ಶಿವನೇ ಬಚ್ಚಲಿಗೆ ಕಳಿಸಿದನೆಂದು ಸಮಾಧಾನಪಟ್ಟೆ.

ಝರಿಯ ದಾರಿ

ಮರುದಿನ ಬೆಳಿಗ್ಗೆ ಝರಿಯ ಕಡೆ ಹೊರಟೆವು. ಚೀಲ ನನ್ನ ಬೆನ್ನಿಗೆ. ಅದರಲ್ಲಿ ಹೂ ಮುಳುಗಿಸಲು ಜೂಲಿಯಾ ತಂದ ಸ್ಪಿರಿಟ್ಟಿನ ಬಾಟಲಿಯಿತ್ತು. ಮುಚ್ಚಳದ ಅಂಚಿನಲ್ಲಿ ಸಣ್ಣಗೆ ಒಂದು ಹನಿ ಜಿನುಗುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಪಂಪಿನ ವ್ಯಾಪಾರಿಯ ಎದುರಿಗೆ ಏನೂ ಸೋರಬಾರದು. ಮದುವೆಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ನನಗೆ ಊಟ ರುಚಿಸುವುದಿಲ್ಲ. ಜೇಬಿನಲ್ಲಿ ಸದಾ ನಾಲ್ಕು ವಾಷರು ಇರುತ್ತವೆ. ನಾನು ಬಾಟಲಿಯ ಮುಚ್ಚಳ ತೆಗೆದು, ಒಳಗಿದ್ದ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಕಿತ್ತೆಸೆದು, ನಮ್ಮ ಅಂಗಡಿಯ ಉತ್ತಮ ದರ್ಜೆಯ ರಬ್ಬರ್ ವಾಷರು ಕೂರಿಸಿ ಬಿಗಿದೆ. "ಇನ್ನ ಜನ್ಮದಾಗ ಸೋರೂದಿಲ್ಲ" ಎಂದೆ. ಸುವರ್ಣಾ ಮುಂದೆ ಹೋಗಿದ್ದಳು, ಕೇಳಿಸಿಕೊಳ್ಳಲಿಲ್ಲ.

ದಾರಿಯೆಂದರೆ ಕೆಸರು, ಬೇರು ಮತ್ತು ಜಿಗಣೆ. ಜಿಗಣೆಗಳು ಎಲೆಯ ತುದಿಯಲ್ಲಿ ಎದ್ದು ನಿಂತು, ಬಸ್‌ಸ್ಟ್ಯಾಂಡಿನಲ್ಲಿ ಆಟೋದವರು ಗಿರಾಕಿ ಹುಡುಕುವಂತೆ ಅತ್ತಿತ್ತ ನೋಡುತ್ತಿದ್ದವು. ನಾನು ಎರಡು ಸಲ ಜಾರಿದೆ. ಒಮ್ಮೆ ಚೀಲದ ಮೇಲೆಯೇ ಕೂತೆ. ಸುವರ್ಣಾ, ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಮೆಟ್ಟಿಲು ಹತ್ತಲು ಮೊಣಕಾಲು ನೋವೆನ್ನುವವಳು, ಅಲ್ಲಿ ಮೇಕೆಮರಿಯಂತೆ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿದ್ದಳು.

ಝರಿಯ ಪಕ್ಕದ ಬಂಡೆಗಳ ಮೇಲೆ ಪಟ್ಟೆಯ ಎಲೆಗಳು ಕಾಣಿಸಿದವು. ಒಂದಲ್ಲ, ಎರಡಲ್ಲ, ಬಂಡೆಯ ತುಂಬ. ಸುವರ್ಣಾ ಮೊದಲ ಗಿಡದ ಮುಂದೆ ಕೂತು ಎಲೆಯನ್ನು ಅಂಗೈಯಲ್ಲಿ ಹಿಡಿದು, "ನಮ್ಮನ್ಯಾಗಿನದ ಇದು" ಎಂದಳು. ಅಕ್ಕ ಬೇಯಿಸಿದ ಗಿಡದ ಬಂಧುಬಳಗವೆಲ್ಲ ಅಲ್ಲಿ ನೆಮ್ಮದಿಯಾಗಿ ಬದುಕಿತ್ತು. ಆದರೆ ಹೂ? ಕೆಲವಕ್ಕೆ ಇನ್ನೂ ಬಿಗಿದ ಮೊಗ್ಗು, ಹಲವಕ್ಕೆ ಉದುರಿಹೋದ ತೊಟ್ಟು. ನಾವು ಮೂವರೂ ಬಂಡೆ ಬಂಡೆ ತಡಕಿದೆವು. ಕೊನೆಗೆ ನೀರು ಸಿಡಿಯುವ ಒಂದು ಸಂದಿಯಲ್ಲಿ ಜೂಲಿಯಾ ಕೂಗಿದಳು. ಅಲ್ಲೊಂದು ಹೂ ಆಗತಾನೆ ಬಿರಿದಿತ್ತು. ಬೆಣ್ಣೆ ಬಣ್ಣದ ಹಾಳೆ, ಒಳಗೆ ಕಡ್ಡಿ, ಕಡ್ಡಿಯ ಸುತ್ತ ಸಣ್ಣ ನೊಣಗಳ ಜಾತ್ರೆ. ಸುವರ್ಣಾ ಲೆನ್ಸಿನಲ್ಲಿ ಇಣುಕಿ ನೋಡಿ ತಲೆಯಾಡಿಸಿದಳು. ಹೌದು, ಅದೇ. ಈ ಸಲ ಮನಸ್ಸು ಗಟ್ಟಿಮಾಡಿ ಕೊಯ್ದಳು.

"ಬಾಟ್ಲಿ ಕೊಡ್ರಿ."

ನಾನು ಚೀಲ ಬಿಚ್ಚಿದೆ. ಬಾಟಲಿಯಿತ್ತು, ಮುಚ್ಚಳವಿತ್ತು, ನನ್ನ ವಾಷರು ಮುಚ್ಚಳದ ಪಕ್ಕಕ್ಕೆ ಸರಿದು ನಾಲಿಗೆ ಚಾಚಿಕೊಂಡಿತ್ತು. ಸ್ಪಿರಿಟ್ಟು ಮಾತ್ರ ನನ್ನ ಬೆನ್ನಿನ ಅಂಗಿಯಲ್ಲಿತ್ತು. ದಾರಿಯುದ್ದಕ್ಕೂ ಬೆನ್ನು ತಂಪಾಗಿದ್ದುದನ್ನು ನಾನು ಕಾಡಿನ ಹವೆಯೆಂದು ಹೊಗಳಿದ್ದೆ.

ಸುವರ್ಣಾ ವಾಷರನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒತ್ತಿ ಒಣಗಿಸಿದರೆ ಈ ಹೂವಿನ ಒಳಗಿನ ರಚನೆ ನಜ್ಜುಗುಜ್ಜಾಗುತ್ತದೆ, ಹಾಗೇ ಬಿಟ್ಟರೆ ಸಂಜೆಯೊಳಗೆ ಕಪ್ಪಾಗುತ್ತದೆ, ಪಟ್ಟಣಕ್ಕೆ ಹೋಗಲು ಅಷ್ಟು ಹೊತ್ತಿಲ್ಲ. ಜೂಲಿಯಾ ಯೋಚಿಸಿ, "ಚಿಕ್ಕಮ್ಮ ಅಕ್ಕಿಯಿಂದ ಸಾರಾಯಿ ಇಳಿಸುತ್ತಾಳೆ. ಅದು ಬಹಳ ಖಡಕ್ಕು. ಕುಚಿಂಗ್ ಸೇರುವವರೆಗೆ ಹೂವನ್ನು ಕಾಯುತ್ತದೆ" ಎಂದಳು. ಹೂವನ್ನು ಒದ್ದೆ ಎಲೆಯಲ್ಲಿ ಸುತ್ತಿಕೊಂಡು ಓಡಿದೆವು.

ಮತ್ತೆ ಜಗಲಿ

ಇಂದಾಯ್ ಲಿನಾ ಕಥೆಯನ್ನೆಲ್ಲ ಕೇಳಿ, ಒಳಗಿನಿಂದ ಒಂದು ಪ್ಲಾಸ್ಟಿಕ್ ಕ್ಯಾನು ತಂದಿಟ್ಟಳು. ಜೂಲಿಯಾ ಖಾಲಿ ಬಾಟಲಿ ಮುಂದೆ ಹಿಡಿದಳು. ಮುದುಕಿ ಅದಕ್ಕೆ ಹಾಕಲಿಲ್ಲ. ಒಂದು ಗ್ಲಾಸು ತಂದು ಅದರ ಮುಕ್ಕಾಲು ತುಂಬಿಸಿ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದು ಏನೋ ಹೇಳಿದಳು. ಜೂಲಿಯಾ ನಗುತ್ತ ತಿಳಿಸಿದಳು: "ಮನೆಗೆ ಬಂದವರಿಗೆ ಕೊಡದೆ ಹೂವಿಗೆ ಹೇಗೆ ಕೊಡಲಿ, ಮೊದಲು ಅತಿಥಿ ಎನ್ನುತ್ತಿದ್ದಾಳೆ."

ಜಗಲಿಯ ಜನವೆಲ್ಲ ನನ್ನನ್ನೇ ನೋಡುತ್ತಿತ್ತು. ಕೊರಳಲ್ಲಿ ಲಿಂಗ, ಕೈಯಲ್ಲಿ ಸಾರಾಯಿ. ಬೇಡ ಎನ್ನಬಹುದಿತ್ತು. ಆದರೆ ನಾನು ಬೆಳೆದ ಸೀಮೆಯಲ್ಲಿ ಇನ್ನೊಂದು ಹೋಳಿಗೆ ಬೇಡವೆಂದ ಅಳಿಯನ ಕಥೆಯನ್ನು ಮೊಮ್ಮಕ್ಕಳ ಕಾಲದವರೆಗೆ ಹೇಳುತ್ತಾರೆ. ಎರಡೂ ಕೈಯಲ್ಲಿ ಕೊಟ್ಟದ್ದನ್ನು ದೂಡುವ ವಿದ್ಯೆ ನಮಗೆ ಯಾರೂ ಕಲಿಸಿಲ್ಲ. ಸುವರ್ಣಾ ಎಲೆಯ ಪೊಟ್ಟಣ ಬಿಚ್ಚಿ ನಿಂತಿದ್ದಳು. ಬೆಣ್ಣೆ ಬಣ್ಣದ ಹಾಳೆಯ ಅಂಚು ಆಗಲೇ ಕಂದುತ್ತಿತ್ತು. ಅವಳು ಇಷ್ಟು ವರ್ಷ ಕಾದ ಹೆಸರು ಆ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಹೊರಟಿತ್ತು, ಅದಕ್ಕೆ ಕಾರಣ ನನ್ನ ವಾಷರು. ನಾನು ಕಣ್ಣುಮುಚ್ಚಿ, ಶಿವನಿಗೆ ಕ್ಷಮೆ ಕೇಳಿ, ಗಟಗಟ ಕುಡಿದೆ.

ಗಂಟಲಿನಿಂದ ಹೊಟ್ಟೆಗೆ ಹೋಗುವ ದಾರಿ ಎಲ್ಲೆಲ್ಲಿ ತಿರುಗುತ್ತದೆ ಎಂಬುದು ಆ ದಿನ ನನಗೆ ಸ್ಪಷ್ಟವಾಗಿ ತಿಳಿಯಿತು. ಜಗಲಿಯ ತುಂಬ ಜನ ಹೋ ಎಂದರು. ಇಂದಾಯ್ ಬೆನ್ನು ತಟ್ಟಿ, ಬಾಟಲಿಗೆ ಧಾರಾಳವಾಗಿ ಸುರಿದಳು. ಸುವರ್ಣಾ ಹೂವನ್ನು ಮೆಲ್ಲಗೆ ಇಳಿಬಿಟ್ಟಳು. ಅದು ಒಂದು ಸುತ್ತು ತಿರುಗಿ ತಳ ಸೇರಿತು. ಅವಳ ಮುಖದಲ್ಲಿ ಆಗ ಬಂದ ಕಳೆಯನ್ನು ನಮ್ಮ ಮದುವೆಯ ಫೋಟೋದಲ್ಲೂ ನಾನು ಕಂಡಿಲ್ಲ.

ಆಗ ಜೂಲಿಯಾ ಮೆಚ್ಚುಗೆಯಿಂದ, "ನೀವು ಪೂರ್ತಿ ಕುಡಿದಿರಲ್ಲ. ನಮ್ಮಲ್ಲಿ ಬೇಡದವರು ಗ್ಲಾಸಿಗೆ ಬೆರಳು ಮುಟ್ಟಿಸಿದರೆ ಸಾಕು. ಕೊಟ್ಟವರಿಗೂ ಬೇಸರವಿಲ್ಲ, ಬಿಟ್ಟವರಿಗೂ ಕೇಡಿಲ್ಲ" ಎಂದಳು.

ನಾನು ಸುವರ್ಣಾಳ ಕಡೆ ತಿರುಗಿದೆ. "ನಿನಗ ಗೊತ್ತಿತ್ತೇನು?"

"ನಿನ್ನೆ ಸಂಜಿಕ ನಾ ಹಂಗ ಮಾಡೀನ್ರಿ" ಎಂದಳು ಅವಳು, ಬಾಟಲಿಯಿಂದ ಕಣ್ಣು ತೆಗೆಯದೆ. "ಹೇಳಬೇಕಂದ್ನಿ. ಅಷ್ಟರಾಗ ನೀವು ಮುಗಿಸಿಬಿಟ್ರಿ."

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಜಗಲಿಯ ಜನರನ್ನು ಕೂರಿಸಿಕೊಂಡು ರಬ್ಬರ್ ವಾಷರಿಗೂ ನೈಲಾನ್ ವಾಷರಿಗೂ ಇರುವ ಭೇದವನ್ನು ಅಪ್ಪಟ ಮುದ್ದೇಬಿಹಾಳದ ಕನ್ನಡದಲ್ಲಿ ವಿವರಿಸಿದೆನಂತೆ. ಅವರು ಬಹಳ ಗೌರವದಿಂದ ಕೇಳಿದರಂತೆ. ಹೈದರಾಬಾದಿನಲ್ಲಿ ಆ ವಿಷಯಕ್ಕೆ ಅಷ್ಟು ಶ್ರೋತೃಗಳು ಯಾವತ್ತೂ ಸಿಕ್ಕಿಲ್ಲ.

ಕೂಕಟ್‌ಪಲ್ಲಿ

ನಿಯಮದಂತೆ ಹೂವೂ ಒತ್ತಿದ ಎಲೆಗಳೂ ಕುಚಿಂಗಿನಲ್ಲೇ ಉಳಿದವು. ಎಲೆಗಳು ಈಗಲೂ ನಮ್ಮ ಉರ್ದು ಪತ್ರಿಕೆಯ ಮಡಿಕೆಯಲ್ಲೇ ಇವೆಯಂತೆ. ನಾವು ಕೈಬೀಸಿಕೊಂಡು ಮನೆಗೆ ಬಂದೆವು. ಬಾಲ್ಕನಿಯ ಕುಂಡ ಹಸಿರಾಗಿತ್ತು. ಸುವರ್ಣಾ ಚೀಲ ಕೆಳಗಿಟ್ಟು ಅತ್ತ ಓಡಿದಳು. "ಖಾಲಿ ಕುಂಡ ಯಾಕ ಇಡೂದಂತ ಕೊತ್ತಂಬರಿ ಹಾಕೀನಿ" ಎಂದಳು ಅಕ್ಕ.

ಕೆಲವು ತಿಂಗಳ ಮೇಲೆ ಸುವರ್ಣಾ ಮತ್ತು ಜೂಲಿಯಾ ಸೇರಿ ಬರೆದ ಲೇಖನ ಪ್ರಕಟವಾಯಿತು. ಅದನ್ನು ಅವಳು ಮುದ್ರಿಸಿ ತಂದ ದಿನ ಅಕ್ಕನೂ ಮನೆಗೆ ಬಂದಿದ್ದಳು. ನಾನು ಕನ್ನಡಕ ಹಾಕಿಕೊಂಡು ಶೀರ್ಷಿಕೆ ಓದಿದೆ. ಸ್ಕಿಸ್ಮಾಟೊಗ್ಲಾಟಿಸ್ ಎಂಬುದು ಕುಲದ ಹೆಸರು, ಅದನ್ನು ಉಚ್ಚರಿಸಲು ಕಲಿತೇ ಹೋಗಿದ್ದೆ. ಅದರ ಮುಂದೆ ನನ್ನ ಹೆಸರು ಇರಬೇಕಾದ ಜಾಗದಲ್ಲಿ ಟೆಮುಲೆಂಟಾ ಎಂದಿತ್ತು.

"ಹಂಗಂದ್ರ ಏನು?" ಎಂದೆ.

ಸುವರ್ಣಾ ಅಕ್ಕನಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಲ್ಯಾಟಿನ್ನದಾಗ, ಕುಡದು ಅಮಲೇರಿದ್ದು ಅಂತ. ಕೊಯ್ದ ಹೂ ಸಾರಾಯಾಗ ಮುಳುಗಿತ್ತಲ್ರಿ, ಅದರ ನೆನಪಿಗೆ."

"ಹೂವಿನ ನೆನಪಿಗಷ್ಟ ಏನು?"

"ಹೂವಿನ ನೆನಪಿಗೂ" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಆಮೇಲೆ ಅಕ್ಕನ ಪಕ್ಕ ಕೂತು ಕೊನೆಯ ಪುಟದ ಒಂದು ಸಾಲನ್ನು ಕನ್ನಡದಲ್ಲಿ ಓದಿ ಹೇಳಿದಳು. ಈ ಗಿಡದ ಎಲೆ ತಿನ್ನಲು ಯೋಗ್ಯ, ಹುಣಸೆಹಣ್ಣು ಹಾಕಿ ಬೇಯಿಸಿದರೆ ಬಾಯಿ ತುರಿಸುವುದಿಲ್ಲ, ಈ ಮಾಹಿತಿ ಕೊಟ್ಟವರು ಗುರುಬಾಯಿ. ಅಕ್ಕ ಇಂಗ್ಲಿಷಿನಲ್ಲಿ ಅಚ್ಚಾದ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಲೋಕಕ್ಕೇ ಗೊತ್ತಿಲ್ಲದ ಗಿಡವನ್ನು ಬೇರುಸಹಿತ ಕಿತ್ತು ತಿಂದವಳ ಹೆಸರು ವಿಜ್ಞಾನದಲ್ಲಿ ಶಾಶ್ವತವಾಗಿತ್ತು. ಹೂ ಉಳಿಸಲು ಜಾತಿ ಕೆಡಿಸಿಕೊಂಡವನು ಕನ್ನಡಕ ಒರೆಸುತ್ತ ಕೂತಿದ್ದ.

"ಮತ್ತ ನಿನ್ನ ಹೆಸರು ಎಲ್ಲಿ ಐತೋ ತಮ್ಮಾ?" ಎಂದು ಅಕ್ಕ ಮರುಕದಿಂದ ಕೇಳಿದಳು.

ನಾನು ಬಾಯಿ ತೆರೆಯುವುದರೊಳಗೆ ಸುವರ್ಣಾ, "ಗಿಡದ ಹೆಸರ ಅವರದ್ರಿ ಅಕ್ಕಾರ" ಎಂದುಬಿಟ್ಟಳು.

ಅಕ್ಕ ಎದ್ದು ದೇವರ ಮುಂದೆ ದೀಪ ಹಚ್ಚಿದಳು. ಮುದ್ದೇಬಿಹಾಳಕ್ಕೆ ಒಂದಾದ ಮೇಲೊಂದು ಫೋನು ಮಾಡಿ, ತಮ್ಮನ ಹೆಸರನ್ನು ಒಂದು ಗಿಡಕ್ಕೆ ಇಟ್ಟಿದ್ದಾರೆಂದು ಎಲ್ಲ ನೆಂಟರಿಗೂ ತಿಳಿಸಿದಳು. ಟೆಮುಲೆಂಟಾ ಎಂಬುದನ್ನು ನನಗಿಂತ ಸ್ಪಷ್ಟವಾಗಿ ಉಚ್ಚರಿಸಿದಳು. ಕೊನೆಗೆ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿ, ಕಣ್ಣು ತುಂಬಿಕೊಂಡು, "ನಮ್ಮಪ್ಪ ಇದ್ದಿದ್ರ ಎಷ್ಟು ಖುಷಿ ಪಡತಿದ್ದ. ಮನೆತನದ ಹೆಸರು ಉಳಿಸಿದಿ ನೋಡು ತಮ್ಮಾ" ಎಂದಳು.